ಊಟದ ನಂತರದ ಸಿಹಿಗೆ ತೋಟದ ಹಣ್ಣು, ರಾಗಿ ಮತ್ತು ಗೇರುಬೀಜ

ಕಾಫಿ, ಅಡಿಕೆ, ಮೆಣಸು ಇವುಗಳ ಲೆಕ್ಕವನ್ನು ನಮ್ಮ ಸದಸ್ಯರು ಕಿಲೋಗ್ರಾಂಗೆ ತಪ್ಪದಂತೆ ಇಡುತ್ತಾರೆ. ಆದರೆ ಅದೇ ತೋಟದಲ್ಲಿ ಬಿಡುವ ಹಲಸು, ಬಾಳೆ, ಕಿತ್ತಳೆ, ಅನಾನಸು, ಸೀಬೆ, ಪರಂಗಿ ಇವುಗಳ ಲೆಕ್ಕ ಯಾರ ಪುಸ್ತಕದಲ್ಲಿಯೂ ಇಲ್ಲ. ಮನೆಮಂದಿ ತಿಂದಷ್ಟು ತಿಂದು, ಆಳುಗಳಿಗೆ ಕೊಟ್ಟಷ್ಟು ಕೊಟ್ಟು, ಮಂಗಗಳು ಹೊತ್ತುಕೊಂಡು ಹೋದಷ್ಟು ಹೋಗಿ, ಮಿಕ್ಕದ್ದು ಮರದ ಬುಡದಲ್ಲಿಯೇ ಕೊಳೆಯುತ್ತದೆ. ಇನ್ನೊಂದು ಕಡೆ ಅದೇ ಮನೆಯ ಮಕ್ಕಳು ಊಟವಾದ ಮೇಲೆ ಏನಾದರೂ ಸಿಹಿ ಬೇಕೆಂದು ಪೇಟೆಯಿಂದ ತಂದ ಪೊಟ್ಟಣಗಳನ್ನು ಬಿಚ್ಚುತ್ತಾರೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಿದರೆ ಈ ಲೇಖನದ ಅಗತ್ಯ ತಾನೇ ತಿಳಿಯುತ್ತದೆ.

ಇಲ್ಲಿ ವಿವರಿಸುವುದು ಹೆಚ್ಚಿದ ಹಣ್ಣಿನ ಮೇಲೆ ಹಿಟ್ಟು, ಬೆಲ್ಲ, ತುಪ್ಪ ಮತ್ತು ಬೀಜಗಳ ಪುಡಿಪುಡಿಯಾದ ಹೊದಿಕೆಯನ್ನು ಉದುರಿಸಿ, ಒಣ ಶಾಖದಲ್ಲಿ ಬೇಯಿಸಿ ಮಾಡುವ ಒಂದು ಸಿಹಿ. ಇಂಗ್ಲೆಂಡಿನಲ್ಲಿ ಇದರ ಹೆಸರು ಕ್ರಂಬಲ್. ಅಮೆರಿಕದಲ್ಲಿ ಓಟ್ಸ್ ಮತ್ತು ಬೀಜಗಳನ್ನು ಸೇರಿಸಿ ಮಾಡುವುದಕ್ಕೆ ಕ್ರಿಸ್ಪ್ ಎನ್ನುತ್ತಾರೆ. ಅಲ್ಲಿ ಸಾಮಾನ್ಯವಾಗಿ ಸೇಬಿನಿಂದ ಮಾಡುತ್ತಾರೆ. (ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ಸುತ್ತಮುತ್ತಲೂ ರೋಮ್ ಬ್ಯೂಟಿ ಎಂಬ ಸೇಬಿನ ತೋಟಗಳಿದ್ದವೆಂಬುದನ್ನು ಈಗಿನವರು ನಂಬುವುದು ಕಷ್ಟ.) ನಮಗೆ ಸೇಬು ಬೇಕಿಲ್ಲ, ಓಟ್ಸೂ ಬೇಕಿಲ್ಲ. ಹುಳಿ ಮತ್ತು ಸಿಹಿ ಎರಡೂ ಇರುವ ಹಣ್ಣು, ಉಂಡೆಕಟ್ಟದ ಹಿಟ್ಟು, ಒಂದು ಹಿಡಿ ಗೇರುಬೀಜ ಇಷ್ಟಿದ್ದರೆ ಸಾಕು. ಹೆಸರು ಏನಾದರೂ ಇರಲಿ, ನಮ್ಮ ಮನೆಯಲ್ಲಿ ಇದನ್ನು ಹಣ್ಣಿನ ಗರಿ ಎಂದು ಕರೆಯುತ್ತಾರೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕೆಳಗೆ ಕೊಟ್ಟಿರುವ ಅಳತೆಗಳನ್ನು ಬೆಂಗಳೂರಿನ ಸಂಜಯನಗರದಲ್ಲಿರುವ ನಮ್ಮ ಚಿಕ್ಕಮ್ಮನವರ ಮನೆಯ ವಿದ್ಯುತ್ ಓವನ್ನಿನಲ್ಲಿಯೂ, ಊರಿನ ಸೌದೆ ಒಲೆಯ ಕೆಂಡದ ಮೇಲೂ ಮಾಡಿ ನೋಡಲಾಗಿದೆ. ಸಂಜಯನಗರ, ಆರ್.ಟಿ. ನಗರ, ಹೆಬ್ಬಾಳದ ಕಡೆ ಓದಿಗೋ ಉದ್ಯೋಗಕ್ಕೋ ಹೋಗಿ ನೆಲಸಿರುವ ತೋಟದ ಮನೆಗಳ ಮಕ್ಕಳಿಗೆ ಊರಿನಿಂದ ಬಸ್ಸಿನಲ್ಲಿ ಹಣ್ಣಿನ ಬುಟ್ಟಿ ಕಳುಹಿಸುವ ಪದ್ಧತಿ ಇಂದಿಗೂ ಇದೆ. ಯಶವಂತಪುರದಲ್ಲಿ ಇಳಿಸಿಕೊಳ್ಳುವ ಹೊತ್ತಿಗೆ ಅರ್ಧ ಹಣ್ಣು ಜಜ್ಜಿ ಹೋಗಿರುತ್ತದೆ, ಇಲ್ಲವೆ ಒಂದೇ ದಿನ ಎಲ್ಲವೂ ಹಣ್ಣಾಗಿ ಕೂತಿರುತ್ತದೆ. ಅಂಥ ಹಣ್ಣಿಗೂ ಈ ಅಡಿಗೆ ಒದಗುತ್ತದೆ. ಜಜ್ಜಿದ ಭಾಗವನ್ನು ಕೊಯ್ದು ತೆಗೆಯಬೇಕು, ಹುಳಿತ ವಾಸನೆ ಬಂದದ್ದನ್ನು ಮಾತ್ರ ಗೊಬ್ಬರದ ಗುಂಡಿಗೇ ಹಾಕಬೇಕು.

ಯಾವ ಹಣ್ಣು ಆಗುತ್ತದೆ, ಯಾವುದು ಆಗುವುದಿಲ್ಲ

ಶಾಖಕ್ಕೆ ಎಲ್ಲ ಹಣ್ಣುಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಇದನ್ನು ತಿಳಿಯದೆ ಹೊರಟರೆ ಹಣ್ಣೂ ಹಾಳು, ತುಪ್ಪವೂ ಹಾಳು.

ಬಾಳೆಯಲ್ಲಿ ನೇಂದ್ರ ಉತ್ತಮ. ಬೇಯಿಸಿದರೂ ಹೋಳು ಹೋಳಾಗಿಯೇ ನಿಲ್ಲುತ್ತದೆ. ಪುಟ್ಟಬಾಳೆಯ ರುಚಿ ಹೆಚ್ಚು, ಆದರೆ ಅದು ಬೇಗ ಕರಗಿ ಗೊಜ್ಜಿನಂತಾಗುವುದರಿಂದ ಪೂರಾ ಕಳಿಯದ, ಸ್ವಲ್ಪ ಗಟ್ಟಿ ಇರುವ ಹಣ್ಣನ್ನು ಆರಿಸಬೇಕು. ಬಾಳೆಯಲ್ಲಿ ಸಿಹಿ ತುಂಬ, ಹುಳಿ ಕಡಿಮೆ. ಆದುದರಿಂದ ಹಣ್ಣಿಗೆ ಬೆಲ್ಲ ಹಾಕುವ ಅಗತ್ಯವೇ ಇಲ್ಲ, ನಿಂಬೆರಸ ಮಾತ್ರ ಹಾಕಲೇಬೇಕು.

ಅನಾನಸು ಈ ಅಡಿಗೆಗೆಂದೇ ಹುಟ್ಟಿದ ಹಣ್ಣು ಎನ್ನಬಹುದು. ಹುಳಿ, ಸಿಹಿ, ಪರಿಮಳ ಎಲ್ಲವೂ ಇದೆ. ತೊಂದರೆ ಒಂದೇ, ರಸ ಹೆಚ್ಚು. ಹೆಚ್ಚಿದ ಹೋಳುಗಳನ್ನು ಅರ್ಧ ಗಂಟೆ ಜಾಲರಿಯಲ್ಲಿಟ್ಟು, ಬಸಿದ ರಸವನ್ನು ಬೇರೆಯಾಗಿ ಕುದಿಸಿ ಅರ್ಧಕ್ಕೆ ಇಳಿಸಿ ಮತ್ತೆ ಹೋಳುಗಳಿಗೆ ಸೇರಿಸಿದರೆ ರುಚಿಯೂ ಉಳಿಯುತ್ತದೆ, ನೀರೂ ಕಳೆಯುತ್ತದೆ. ಇದಕ್ಕೆ ನಮ್ಮದೇ ತೋಟದ ಕರಿಮೆಣಸನ್ನು ಒರಟಾಗಿ ಕುಟ್ಟಿ ಕಾಲು ಚಮಚ ಹಾಕಿ ನೋಡಿ. ಸಿಹಿಗೆ ಮೆಣಸೇ ಎಂದು ಮೂಗು ಮುರಿಯುವವರೂ ಎರಡನೆಯ ಬಾರಿ ಬಡಿಸಿಕೊಳ್ಳುತ್ತಾರೆ.

ಹಲಸಿನಲ್ಲಿ ಬಕ್ಕೆ ಹಣ್ಣೇ ಆಗಬೇಕು. ಅಂಬಲಿ ಹಣ್ಣು ಕಡುಬಿಗೆ, ಮುಳಕಕ್ಕೆ ಸರಿ, ಇಲ್ಲಿ ಅದು ನಾರು ನಾರಾಗಿ ನೀರು ಬಿಡುತ್ತದೆ. ಬಕ್ಕೆ ತೊಳೆಯನ್ನು ಉದ್ದುದ್ದ ಸೀಳಿ ಹಾಕಬೇಕು. ಹಸಿದು ಹಲಸು, ಉಂಡು ಮಾವು ಎಂಬ ಹಿರಿಯರ ಮಾತಿನಂತೆ ಹಲಸು ಹೊಟ್ಟೆ ತುಂಬಿದ ಮೇಲೆ ತಿನ್ನುವ ಹಣ್ಣಲ್ಲ. ಹಲಸಿನ ಗರಿ ಮಾಡಿದ ದಿನ ಊಟವನ್ನೇ ಸ್ವಲ್ಪ ಹಗುರ ಮಾಡುವುದು ಒಳ್ಳೆಯದು, ಅಥವಾ ಸಂಜೆಯ ಕಾಫಿಯ ಹೊತ್ತಿಗೆ ಮಾಡಬಹುದು.

ಕೊಡಗಿನ ಕಿತ್ತಳೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾಫಿಯ ನಡುವೆ ಬೆಳೆದ ಈ ಹಣ್ಣಿಗೆ ಭೌಗೋಳಿಕ ಗುರುತು ದೊರೆತಿದೆ. ಆದರೆ ತೊಳೆಗಳನ್ನು ಹಾಗೆಯೇ ಬೇಯಿಸಿದರೆ ಕಹಿಯಾಗುತ್ತದೆ. ತೊಳೆಯ ಪೊರೆ ಮತ್ತು ಬೀಜದಲ್ಲಿರುವ ಕೆಲವು ಅಂಶಗಳು ಹಣ್ಣು ಹಸಿಯಾಗಿರುವಾಗ ಕಹಿಯಾಗಿರುವುದಿಲ್ಲ, ಹಿಂಡಿದಾಗ ಅಥವಾ ಕಾಯಿಸಿದಾಗ ಹುಳಿಯೊಂದಿಗೆ ಸೇರಿ ನಿಧಾನವಾಗಿ ಲಿಮೋನಿನ್ ಎಂಬ ಕಹಿ ವಸ್ತುವಾಗುತ್ತವೆ. ಕಿತ್ತಳೆ ರಸವನ್ನು ಕುದಿಸಿಟ್ಟರೆ ಮರುದಿನ ಕಹಿಯಾಗುವುದಕ್ಕೆ ಇದೇ ಕಾರಣ. ಆದುದರಿಂದ ಕಿತ್ತಳೆಯನ್ನು ಮುಖ್ಯ ಹಣ್ಣಾಗಿ ಬಳಸದೆ, ಸಿಪ್ಪೆಯ ಹೊರಮೈಯನ್ನು ಮಾತ್ರ ಸಣ್ಣಗೆ ತುರಿದು ಹೊದಿಕೆಗೆ ಸೇರಿಸಬೇಕು. ಬಿಳಿಯ ಒಳಪದರ ತುರಿಯಬಾರದು. ಬಿಡಿಸಿದ ತೊಳೆಗಳನ್ನು ಬೇಯಿಸದೆ, ಬಡಿಸುವಾಗ ಮೇಲೆ ಇಡಬಹುದು. ದೇವನಹಳ್ಳಿಯ ಚಕ್ಕೋತಕ್ಕೂ ಇದೇ ಮಾತು ಸಲ್ಲುತ್ತದೆ.

ಬೆಣ್ಣೆಹಣ್ಣನ್ನು ಈಚೆಗೆ ಬಹಳ ಸದಸ್ಯರು ನೆಟ್ಟಿದ್ದಾರೆ. ಅದನ್ನಂತೂ ಒಲೆಗೆ ಇಡಲೇಬಾರದು, ಕಾದರೆ ಕಹಿ. ಅದಕ್ಕೆ ಬೇರೆ ಉಪಾಯವಿದೆ, ಮುಂದೆ ಹೇಳುತ್ತೇನೆ. ಪರಂಗಿ ಸಪ್ಪೆ, ನಿಂಬೆ ಮತ್ತು ಶುಂಠಿ ಧಾರಾಳವಾಗಿ ಬೇಕು. ಸೀಬೆ ಚೆನ್ನಾಗಿಯೇ ಬೇಯುತ್ತದೆ, ನಡುವಿನ ಬೀಜದ ತಿರುಳನ್ನು ತೆಗೆಯುವ ತಾಳ್ಮೆ ಇರಬೇಕು.

ಮೇಲಿನ ಹೊದಿಕೆ ಗರಿಯಾಗುವುದು ಹೇಗೆ

ಗೋಧಿ ಹಿಟ್ಟಿಗೆ ನೀರು ಬಿದ್ದರೆ ಅದರಲ್ಲಿರುವ ಅಂಟು ಎಳೆಎಳೆಯಾಗಿ ಕೂಡಿಕೊಂಡು ಹಿಟ್ಟು ಜಗಿಯುವಂತಾಗುತ್ತದೆ. ಚಪಾತಿಗೆ ಇದು ಬೇಕು, ಗರಿಗೆ ಬೇಡ. ಅದಕ್ಕಾಗಿಯೇ ಹಿಟ್ಟಿಗೆ ಮೊದಲು ಬೆಣ್ಣೆ ಅಥವಾ ತುಪ್ಪವನ್ನು ಉಜ್ಜುತ್ತಾರೆ. ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತುವರಿದು ನೀರು ತಾಕದಂತೆ ತಡೆಯುತ್ತದೆ. ರಾಗಿಯಲ್ಲಿ ಈ ಅಂಟು ಹುಟ್ಟಿನಿಂದಲೇ ಇಲ್ಲ. ರೊಟ್ಟಿ ತಟ್ಟುವಾಗ ರಾಗಿ ಹರಿಯುತ್ತದೆಂದು ಹೊಸಬರು ದೂರುವುದುಂಟು. ಅಲ್ಲಿ ತೊಂದರೆಯಾದ ಆ ಗುಣವೇ ಇಲ್ಲಿ ಅನುಕೂಲ.

ಬಾಯಿಗೆ ಗರಿಗರಿ ಸಿಗಬೇಕಾದರೆ ಎರಡು ಕೆಲಸ ಆಗಬೇಕು. ಹೊದಿಕೆಯ ತೇವ ಆರಬೇಕು, ಮತ್ತು ಅದರಲ್ಲಿರುವ ಬೆಲ್ಲ ಅಥವಾ ಸಕ್ಕರೆ ಕರಗಿ, ತಣಿದಾಗ ಮತ್ತೆ ಗಟ್ಟಿಯಾಗಬೇಕು. ಚಿಕ್ಕಿ ಮಾಡಿದವರಿಗೆ ಇದು ಗೊತ್ತೇ ಇದೆ. ಆದುದರಿಂದ ಒಲೆಯಿಂದ ತೆಗೆದ ಕೂಡಲೆ ಬೆರಳಿಟ್ಟು ನೋಡಿ ಮೆತ್ತಗಿದೆಯೆಂದು ಮತ್ತೆ ಒಳಗೆ ತಳ್ಳಬಾರದು. ಇಪ್ಪತ್ತು ನಿಮಿಷ ಬಿಟ್ಟರೆ ತಾನೇ ಗಟ್ಟಿಯಾಗುತ್ತದೆ.

ಬೆಲ್ಲದ ಬಗೆಗೆ ಒಂದು ಮಾತು. ಪೂರಾ ಬೆಲ್ಲ ಹಾಕಿದರೆ ಪರಿಮಳ ಚೆನ್ನ, ಆದರೆ ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಮೇಲಿನ ಬೆಲ್ಲದ ಡಬ್ಬಿ ಏನಾಗುತ್ತದೆಂದು ಎಲ್ಲರೂ ಕಂಡಿದ್ದೇವೆ. ಹೀಗಾಗಿ ಮೂರು ಭಾಗದಲ್ಲಿ ಎರಡು ಭಾಗ ಬೆಲ್ಲ, ಒಂದು ಭಾಗ ಸಕ್ಕರೆ ಹಾಕುವುದು ಮೇಲು. ಬೆಲ್ಲವೇ ಆರೋಗ್ಯ, ಸಕ್ಕರೆಯೇ ವಿಷ ಎಂಬ ಮಾತನ್ನು ಈಗ ಎಲ್ಲೆಡೆ ಕೇಳುತ್ತೇವೆ. ದೇಹಕ್ಕೆ ಸೇರುವ ಸಿಹಿಯ ಲೆಕ್ಕದಲ್ಲಿ ಇವೆರಡಕ್ಕೂ ಹೆಚ್ಚಿನ ಅಂತರವಿಲ್ಲ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿದೆ, ಅಷ್ಟೆ.

ಈಗ ಅಳತೆ. ಆರು ಜನರಿಗೆ ಸಿಪ್ಪೆ, ಬೀಜ ತೆಗೆದು ಹೆಚ್ಚಿದ ಹಣ್ಣು 750 ಗ್ರಾಂ ಬೇಕು. ನನ್ನ ಮಟ್ಟಿಗೆ ಅನಾನಸು 450 ಗ್ರಾಂ, ನೇಂದ್ರಬಾಳೆ 300 ಗ್ರಾಂ ಸೇರಿಸಿದ್ದು ಎಲ್ಲಕ್ಕಿಂತ ಹೊಂದುವ ಜೋಡಿ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಣ್ಣಿಗೆ ಒಂದು ನಿಂಬೆಯ ರಸ, ಎರಡು ಚಮಚ ಕೂವೆ ಹಿಟ್ಟು. ಹೊದಿಕೆಗೆ ರಾಗಿ ಹಿಟ್ಟು 75 ಗ್ರಾಂ, ಗಟ್ಟಿ ಅವಲಕ್ಕಿ 75 ಗ್ರಾಂ, ಬೆಲ್ಲದ ಪುಡಿ 40 ಗ್ರಾಂ, ಸಕ್ಕರೆ 20 ಗ್ರಾಂ, ತುಪ್ಪ 60 ಗ್ರಾಂ, ಗೇರುಬೀಜದ ತುಂಡು 60 ಗ್ರಾಂ, ಒಣಕೊಬ್ಬರಿ ತುರಿ 25 ಗ್ರಾಂ, ಏಲಕ್ಕಿ ನಾಲ್ಕು, ಚಿಟಿಕೆ ಉಪ್ಪು. ಉಪ್ಪನ್ನು ಮರೆಯಬಾರದು, ಅದಿಲ್ಲದೆ ರಾಗಿಯ ರುಚಿ ಮಂಕಾಗುತ್ತದೆ.

ಕೂವೆ ಹಿಟ್ಟು ಏಕೆಂದರೆ, ಹಣ್ಣಿನಿಂದ ಇಳಿಯುವ ರಸವನ್ನು ಅದು ಹಿಡಿದಿಟ್ಟು ಗಟ್ಟಿ ಪಾಕದಂತೆ ಮಾಡುತ್ತದೆ. ಇಲ್ಲವಾದರೆ ಆ ರಸ ಉಕ್ಕಿ ಬಂದು ಹೊದಿಕೆಯನ್ನು ನೆನೆಸಿಬಿಡುತ್ತದೆ. ಕೂವೆ ಸಿಗದಿದ್ದರೆ ಅಕ್ಕಿ ಹಿಟ್ಟನ್ನೇ ಬಳಸಬಹುದು. ಹಿತ್ತಲಿನಲ್ಲಿ ಕೂವೆಗೆಡ್ಡೆ ಇಟ್ಟುಕೊಂಡಿರುವ ಮನೆಗಳು ಕಡಿಮೆಯಾಗುತ್ತಿರುವುದು ವಿಷಾದದ ಸಂಗತಿ. ಮಕ್ಕಳ ಹೊಟ್ಟೆ ಕೆಟ್ಟಾಗ ನೆನಪಾಗುವ ಆ ಬಿಳಿ ಪುಡಿಗೆ ಇಂಥ ಉಪಯೋಗಗಳೂ ಇವೆ.

ಮಾಡುವ ಕ್ರಮ

ರಾಗಿ ಹಿಟ್ಟನ್ನು ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಬೇಕು. ಹಸಿ ಹಿಟ್ಟು ಹಾಕಿದರೆ ಹೊದಿಕೆ ಬೆಂದರೂ ಮಣ್ಣಿನ ವಾಸನೆ ಉಳಿಯುತ್ತದೆ. ಮನೆಯಲ್ಲಿ ರಾಗಿಯ ಹುರಿಹಿಟ್ಟು ಇದ್ದರೆ ಅದನ್ನೇ ಬಳಸೋಣವೆನ್ನಿಸುವುದು ಸಹಜ. ಆದರೆ ಅರಳಿಸಿ ಬೀಸಿದ ಆ ಹಿಟ್ಟು ತೇವವನ್ನು ಕೂಡಲೆ ಹೀರಿ ಅಂಟಂಟಾಗುತ್ತದೆ, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಬೇಡ. ಅವಲಕ್ಕಿಯನ್ನು ಬಿಸಿ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಕೈಯಲ್ಲಿ ಒರಟಾಗಿ ಪುಡಿ ಮಾಡಬೇಕು, ಹಿಟ್ಟಾಗುವಷ್ಟು ಬೇಡ.

ಎಲ್ಲ ಒಣ ಪದಾರ್ಥಗಳನ್ನು ಬೆರೆಸಿ, ಗಟ್ಟಿಯಾಗಿರುವ ತುಪ್ಪವನ್ನು ಬೆರಳ ತುದಿಯಿಂದ ಉಜ್ಜಬೇಕು. ಬೆಣ್ಣೆಯಲ್ಲಿ ಆರನೆಯ ಒಂದು ಭಾಗದಷ್ಟು ನೀರಿರುತ್ತದೆ, ತುಪ್ಪದಲ್ಲಿ ನೀರೇ ಇಲ್ಲ. ಹೀಗಾಗಿ ತುಪ್ಪ ಬಳಸಿದಾಗ ಒಂದೆರಡು ಚಮಚ ಹಾಲು ಚಿಮುಕಿಸಿದರೆ ಮಾತ್ರ ಕಣಗಳು ಕೂಡಿ ಕಡಲೆಕಾಳಿನ ಗಾತ್ರದ ಹರಳುಗಳಾಗುತ್ತವೆ. ತೆಂಗಿನೆಣ್ಣೆಯಲ್ಲಿಯೂ ಮಾಡಬಹುದು, ಕರಾವಳಿ ಕಡೆಯವರಿಗೆ ಅದೇ ಹೆಚ್ಚು ಇಷ್ಟವಾಗುತ್ತದೆ. ಗೇರುಬೀಜವನ್ನು ಕೊನೆಗೆ ಸೇರಿಸಬೇಕು.

ಹಣ್ಣನ್ನು ಅರ್ಧ ಅಂಗುಲ ದಪ್ಪಕ್ಕೆ ಹೆಚ್ಚಿ, ನಿಂಬೆರಸ ಮತ್ತು ಕೂವೆ ಹಿಟ್ಟು ಕಲಸಿ ಅಗಲವಾದ ಪಾತ್ರೆಯಲ್ಲಿ ಹರಡಬೇಕು. ಎರಡು ಅಂಗುಲಕ್ಕಿಂತ ಎತ್ತರ ಬೇಡ. ಪಾತ್ರೆಯ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡವೇ ಬೇಡ, ಹುಳಿ ಹಣ್ಣಿಗೆ ಕಿಲುಬು ಏಳುತ್ತದೆ. ಬರಿಯ ಅಲ್ಯೂಮಿನಿಯಮ್ಮೂ ಹುಳಿಗೆ ಹೊಂದುವುದಿಲ್ಲ. ಸ್ಟೀಲು, ಶಾಖ ತಡೆಯುವ ಗಾಜು, ಅಥವಾ ಚೆನ್ನಾಗಿ ಪಳಗಿದ ಮಣ್ಣಿನ ತಟ್ಟೆ ಸರಿ. ಹೊದಿಕೆಯನ್ನು ಮೇಲೆ ಉದುರಿಸಬೇಕೇ ಹೊರತು ಒತ್ತಬಾರದು. ಹಣ್ಣಿನಿಂದ ಏಳುವ ಹಬೆ ಆ ಸಂದುಗಳ ಮೂಲಕ ಹೊರಗೆ ಹೋಗಬೇಕು. ಒತ್ತಿ ಮುಚ್ಚಿದರೆ ಹಬೆ ಒಳಗೇ ಉಳಿದು ಕೆಳಪದರ ಅಂಬಲಿಯಾಗುತ್ತದೆ.

ಓವನ್ ಇದ್ದವರು 180 ಡಿಗ್ರಿ ಸೆಂಟಿಗ್ರೇಡಿಗೆ ಹತ್ತು ಹದಿನೈದು ನಿಮಿಷ ಮುಂಚೆಯೇ ಕಾಯಿಸಿಟ್ಟುಕೊಂಡು, ನಡುವಿನ ಅಂತಸ್ತಿನಲ್ಲಿ 35 ರಿಂದ 40 ನಿಮಿಷ ಬೇಯಿಸಬೇಕು. ಅರ್ಧ ಹೊತ್ತಾದ ಮೇಲೆ ಪಾತ್ರೆಯನ್ನು ಒಮ್ಮೆ ಹಿಂದುಮುಂದು ತಿರುಗಿಸಿಡಬೇಕು. ಬೆಂದಿತೆಂದು ತಿಳಿಯುವುದು ಹೇಗೆ? ಮೈದಾದ ಹೊದಿಕೆಯಾದರೆ ಬಣ್ಣ ನೋಡಿ ಹೇಳಬಹುದು. ರಾಗಿ ಮೊದಲೇ ಕಂದು, ಬಣ್ಣವನ್ನು ನಂಬುವಂತಿಲ್ಲ. ಗೇರುಬೀಜದ ತುಂಡುಗಳನ್ನು ನೋಡಬೇಕು, ಅವು ಹೊಂಬಣ್ಣಕ್ಕೆ ತಿರುಗಿರಬೇಕು. ಪಾತ್ರೆಯ ಅಂಚಿನಲ್ಲಿ ಹಣ್ಣಿನ ರಸ ದಪ್ಪ ಗುಳ್ಳೆಗಳಾಗಿ ಕುದಿಯುತ್ತಿರಬೇಕು. ಇವೆರಡೂ ಕಂಡರೆ ತೆಗೆಯಬಹುದು.

ಓವನ್ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು. ಅವರು ದಪ್ಪ ತಳದ ಹಳೆಯ ಕಬ್ಬಿಣದ ಬಾಣಲೆ ಅಥವಾ ಹಂಡೆಯಲ್ಲಿ ಒಂದು ಅಂಗುಲ ಮರಳು ಹಾಕಿ, ಅದರ ಮೇಲೆ ಸಿಂಬೆಯಂಥ ಕಬ್ಬಿಣದ ಬಳೆಯನ್ನಿಟ್ಟು, ಹಣ್ಣಿನ ಪಾತ್ರೆಯನ್ನು ಇಟ್ಟು, ಚಪ್ಪಟೆಯಾದ ಕಬ್ಬಿಣದ ಮುಚ್ಚಳದ ಮೇಲೆ ಕೆಂಡ ಹರಡಬೇಕು. ಮೇಲಿನ ಕೆಂಡವೇ ಮುಖ್ಯ. ಕೆಳಗಿನ ಉರಿ ಸಣ್ಣದಿರಲಿ. ತೆಂಗಿನ ಕರಟದ ಕೆಂಡ ಹೊಗೆಯಿಲ್ಲದೆ ಒಳ್ಳೆಯ ಶಾಖ ಕೊಡುತ್ತದೆ. ಹಳೆಯ ಕಾಫಿ ಗಿಡಗಳನ್ನು ಕಿತ್ತಾಗ ಸಿಗುವ ಗಟ್ಟಿ ಸೌದೆಯ ಕೆಂಡವೂ ಬಹಳ ಹೊತ್ತು ನಿಲ್ಲುತ್ತದೆ. ಅಡಿಕೆ ಸಿಪ್ಪೆ ಬೇಡ, ಹೊಗೆ ಹೆಚ್ಚು, ವಾಸನೆ ಹಣ್ಣಿಗೆ ಹತ್ತುತ್ತದೆ. ಶಾಖ ಸರಿಯಾಗಿದೆಯೇ ಎಂದು ತಿಳಿಯಲು ಚಿಟಿಕೆ ಮೈದಾವನ್ನು ಸಣ್ಣ ತಟ್ಟೆಯಲ್ಲಿ ಒಳಗಿಟ್ಟು ಮುಚ್ಚಿ ನೋಡಬೇಕು. ಐದು ನಿಮಿಷಕ್ಕೆ ತಿಳಿಗಂದು ಬಣ್ಣವಾದರೆ ಹದ ಸರಿ. ಎರಡು ನಿಮಿಷಕ್ಕೇ ಕಪ್ಪಾದರೆ ಕೆಂಡ ತೆಗೆಯಬೇಕು. ಹೀಗೆ ಮಾಡುವಾಗ 45 ರಿಂದ 50 ನಿಮಿಷ ಹಿಡಿಯುತ್ತದೆ. ಕೆಂಡದ ಕೆಲಸವನ್ನು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಂದಿಗೂ ಮಾಡಬಾರದು. ಕೆಂಡದಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆಗಾಲದಲ್ಲಿ ಚಳಿಗೆಂದು ಎಲ್ಲವನ್ನೂ ಮುಚ್ಚಿಕೊಂಡು ಕೂರುವ ನಮ್ಮ ಕಡೆ ಈ ಮಾತನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ.

ಪ್ರೆಷರ್ ಕುಕ್ಕರಿನಲ್ಲಿ ಮರಳು ಅಥವಾ ಉಪ್ಪು ಹಾಕಿ ಬೇಯಿಸುವವರೂ ಇದ್ದಾರೆ. ಹಾಗೆ ಮಾಡುವವರು ರಬ್ಬರ್ ಬಳೆ ಮತ್ತು ತೂಕ ಎರಡನ್ನೂ ತೆಗೆದಿಡಲೇಬೇಕು. ಪದೇ ಪದೇ ನೀರಿಲ್ಲದೆ ಕಾಯಿಸಿದ ಕುಕ್ಕರನ್ನು ಮತ್ತೆ ಅನ್ನಕ್ಕೆ ಬಳಸಬಾರದು.

ಇದಾವುದೂ ಬೇಡವೆನ್ನುವವರಿಗೆ ಇನ್ನೂ ಸುಲಭದ ದಾರಿಯಿದೆ. ಹೊದಿಕೆಯನ್ನು ಬಾಣಲೆಯಲ್ಲಿಯೇ ಸಣ್ಣ ಉರಿಯಲ್ಲಿ ಕೈಬಿಡದೆ ಹದಿನೈದು ನಿಮಿಷ ಹುರಿದು ತಟ್ಟೆಗೆ ಹರಡಿ ಆರಿಸಬೇಕು. ಹಣ್ಣನ್ನು ಬೇರೆ ಪಾತ್ರೆಯಲ್ಲಿ ಬೇಯಿಸಬೇಕು. ಬಡಿಸುವಾಗ ಒಂದರ ಮೇಲೊಂದು. ಪೂರಾ ಅದೇ ರುಚಿ ಬರುವುದಿಲ್ಲ, ಮುಕ್ಕಾಲು ಪಾಲು ಬರುತ್ತದೆ. ಬೆಣ್ಣೆಹಣ್ಣಿನ ಉಪಾಯವೂ ಇದೇ. ತಣ್ಣಗಿನ ಬೆಣ್ಣೆಹಣ್ಣನ್ನು ನಿಂಬೆರಸ, ಸ್ವಲ್ಪ ಜೇನಿನೊಂದಿಗೆ ಕಿವಿಚಿ, ಹುರಿದ ಹೊದಿಕೆಯನ್ನು ಮೇಲೆ ಉದುರಿಸಿ ಕೂಡಲೆ ತಿನ್ನಬೇಕು.

ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಬರೆಯುತ್ತ ಕಾಫಿಯನ್ನು ಬಿಡುವುದು ಹೇಗೆ? ಬಾಳೆಹಣ್ಣು ಮಾತ್ರ ಬಳಸುವಾಗ ಎರಡು ಚಮಚ ಗಟ್ಟಿ ಡಿಕಾಕ್ಷನ್ ಹಣ್ಣಿಗೆ ಸೇರಿಸಿ ನೋಡಿ. ಬಾಳೆಯ ಮೊಂಡು ಸಿಹಿಯನ್ನು ಕಾಫಿಯ ಕಹಿ ಹದಕ್ಕೆ ತರುತ್ತದೆ. ಚಿಕೋರಿ ಬೆರೆಸದ ಪುಡಿಯೇ ಆಗಲಿ. ಅಡಿಕೆಯನ್ನು ಮಾತ್ರ ಬೀಜವೆಂದು ಇದಕ್ಕೆ ಸೇರಿಸುವ ಯೋಚನೆ ಯಾರಿಗೂ ಬಾರದಿರಲಿ.

ಬೀಜಗಳ ವಿಷಯದಲ್ಲಿ ಜಾಗ್ರತೆ

ಗೇರುಬೀಜವನ್ನು ಮನೆಯಲ್ಲಿಯೇ ಸುಟ್ಟು ಸುಲಿಯುವ ಮನೆಗಳು ಇನ್ನೂ ಇವೆ. ಸಿಪ್ಪೆಯಲ್ಲಿರುವ ಸೊನೆ ಚರ್ಮವನ್ನು ಸುಡುತ್ತದೆ, ಸುಡುವಾಗ ಏಳುವ ಹೊಗೆ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಮಕ್ಕಳನ್ನು ದೂರವಿಟ್ಟು ಮಾಡತಕ್ಕ ಕೆಲಸ ಅದು. ಅಂಗಡಿಯಿಂದ ತರುವವರು ಇಡೀ ಬೀಜಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ, ತುಂಡೇ ಸಾಕು.

ಕಡಲೆಕಾಯಿ ಬಳಸಿದರೆ ಖರ್ಚು ಇನ್ನೂ ಕಡಿಮೆ. ಆದರೆ ಬೂಷ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕುಗಟ್ಟಿದ, ಕಹಿಯಾದ ಬೀಜವನ್ನು ಒಂದೂ ಬಿಡದೆ ಆರಿಸಿ ಎಸೆಯಬೇಕು. ಅಂಥ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಯಕೃತ್ತಿಗೆ ಅಪಾಯಕಾರಿ. ಹುರಿದರೆ, ಬೇಯಿಸಿದರೆ ಹೋಗುತ್ತದೆಂದು ತಿಳಿಯುವುದು ಸರಿಯಲ್ಲ, ಮನೆಯ ಒಲೆಯ ಶಾಖಕ್ಕೆ ಅದು ಪೂರಾ ನಾಶವಾಗುವುದಿಲ್ಲ. ಪುಡಿ ಮಾಡಿ ಬೆರೆಸಿದ ಮೇಲೆ ಯಾವುದು ಕೆಟ್ಟದ್ದೆಂದು ಕಾಣುವುದೂ ಇಲ್ಲ. ತೇವ ಹೆಚ್ಚಾದ ನಮ್ಮ ಊರುಗಳಲ್ಲಿ ಆದಷ್ಟು ಸ್ವಲ್ಪ ಸ್ವಲ್ಪವೇ ತಂದು ಖರ್ಚು ಮಾಡುವುದು ಲೇಸು. ಹಲಸಿನ ಬೀಜವನ್ನೂ ಬಳಸಬಹುದು. ಬೇಯಿಸಿ, ಬಿಳಿ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ತುಪ್ಪದಲ್ಲಿ ಗರಿಯಾಗುವಂತೆ ಹುರಿದು ಹಾಕಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಯಾವ ಬೀಜವನ್ನೂ ಇಡಿಯಾಗಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸಣ್ಣಗೆ ಕುಟ್ಟಿ ಹಾಕಬೇಕು.

ಆರೋಗ್ಯಕರ ಎಂದರೆ ಎಷ್ಟರ ಮಟ್ಟಿಗೆ?

ಮೇಲಿನ ಅಳತೆಯಲ್ಲಿ ಒಬ್ಬರ ಪಾಲಿಗೆ ಬೆಲ್ಲ, ಸಕ್ಕರೆ ಸೇರಿ 10 ಗ್ರಾಂ, ತುಪ್ಪ 10 ಗ್ರಾಂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015 ರಲ್ಲಿ ಹೊರಡಿಸಿದ ಸೂಚನೆಯಂತೆ, ಹೊರಗಿನಿಂದ ಸೇರಿಸಿದ ಸಿಹಿಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿರಬೇಕು. ವಯಸ್ಕರಿಗೆ ಇದು ಸುಮಾರು 50 ಗ್ರಾಂ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದೆಂದು ಅದೇ ಸೂಚನೆ ಹೇಳುತ್ತದೆ. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿಕೊಳ್ಳುವವರು ತಮ್ಮ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು.

ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ನಮ್ಮ ಬೇರಾವ ಮುಖ್ಯ ಧಾನ್ಯದಲ್ಲಿಯೂ ಇಷ್ಟಿಲ್ಲ. ಇಂಡಾಫ್ ತಳಿಗಳನ್ನು ರೂಪಿಸಿದ ರಾಗಿ ಲಕ್ಷ್ಮಣಯ್ಯನವರ ನಾಡಿನಲ್ಲಿ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಅಕ್ಕಿ ಉಣ್ಣುವ ಮಲೆನಾಡಿನ ಮನೆಗಳಲ್ಲಿ ರಾಗಿಯ ಬಳಕೆ ಕಡಿಮೆಯೇ, ಈ ನೆಪದಲ್ಲಾದರೂ ಅದು ಒಳಗೆ ಬರಲಿ. ಸಕ್ಕರೆ ಕಾಯಿಲೆಯವರು ಮಾತ್ರ ರಾಗಿ ಇದೆಯೆಂದ ಮಾತ್ರಕ್ಕೆ ಧಾರಾಳವಾಗಿ ತಿನ್ನುವಂತಿಲ್ಲ. ನುಣ್ಣಗೆ ಬೀಸಿದ ರಾಗಿಯೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಬಾಳೆ ಮತ್ತು ಹಲಸಂತೂ ಸರಿಯೇ. ಅವರಿಗೆ ಸೀಬೆಯಿಂದ, ಬೆಲ್ಲ ತೀರ ಕಡಿಮೆ ಮಾಡಿ, ಎರಡು ಚಮಚದಷ್ಟು ಕೊಡಬಹುದು. ಅದನ್ನೂ ತಮ್ಮ ವೈದ್ಯರನ್ನು ಕೇಳಿಯೇ ತಿನ್ನಲಿ.

ಹಣ್ಣಿನ ಹೆಸರಿನಲ್ಲಿ ಪೇಟೆಯಲ್ಲಿ ದೊರೆಯುವ ಬಹಳಷ್ಟು ತಿಂಡಿಗಳಲ್ಲಿ ಇರುವುದು ಟೂಟಿ ಫ್ರೂಟಿ, ಅಂದರೆ ಪರಂಗಿ ಕಾಯಿಯನ್ನು ಸಕ್ಕರೆ ಪಾಕದಲ್ಲಿ ಹಾಕಿ ಬಣ್ಣ ಕೊಟ್ಟದ್ದು. ದಿಲ್‌ಪಸಂದ್ ರುಚಿಯಾಗಿಯೇ ಇರುತ್ತದೆ, ನಾನೂ ತಿನ್ನುತ್ತೇನೆ. ಅದನ್ನು ಹಣ್ಣೆಂದು ಮಕ್ಕಳಿಗೆ ಕೊಡುವುದು ಬೇಡ.

ಬೇಕರಿಯ ಒಲೆ, ಹೆಬ್ಬಾಳದ ತರಬೇತಿ

ಬೇಕರಿಯ ಮಾತು ಬಂದದ್ದರಿಂದ ಒಂದು ವಿಷಯ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಮೂಲ ನಮ್ಮ ಹಾಸನ ಜಿಲ್ಲೆ. ಅಲ್ಲಿಂದ ಬಂದ ತಿರುಮಲಾಚಾರ್ಯರು 1898 ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ.ಬಿ. ಬೇಕರಿಯನ್ನು ಇವುಗಳಲ್ಲಿ ಮೊದಲನೆಯದೆಂದು ಹೇಳುತ್ತಾರೆ. ಇಟ್ಟಿಗೆಯ ಗೂಡಿಗೆ ಸೌದೆ ಹಾಕಿ ಕಾಯಿಸಿ, ಕೆಂಡ ಎಳೆದು, ಗೋಡೆಯಲ್ಲಿ ತುಂಬಿದ ಶಾಖದಲ್ಲಿ ಬೇಯಿಸುವುದು ಹಳೆಯ ಬೇಕರಿಗಳ ಕ್ರಮ. ಶಾಖ ಜೋರಾಗಿರುವಾಗ ಬ್ರೆಡ್ಡು, ಇಳಿಯುತ್ತ ಬಂದಾಗ ಬಿಸ್ಕತ್ತು, ಕೊನೆಗೆ ರಸ್ಕು. ನಮ್ಮ ಹೋಬಳಿ ಊರುಗಳಲ್ಲಿ ಸೌದೆ ಒಲೆಯ ಬೇಕರಿ ಉಳಿದಿದ್ದರೆ, ಬ್ರೆಡ್ಡು ತೆಗೆದ ಮೇಲಿನ ಇಳಿಶಾಖದಲ್ಲಿ ನಮ್ಮ ಒಂದೆರಡು ತಟ್ಟೆಗಳನ್ನು ಇಟ್ಟುಕೊಡುವಂತೆ ಕೇಳಬಹುದು. ಮದುವೆ, ಹಬ್ಬಗಳಲ್ಲಿ ಐವತ್ತು ಜನಕ್ಕೆ ಮಾಡಬೇಕಾದಾಗ ಇದಕ್ಕಿಂತ ಅನುಕೂಲ ಬೇರಿಲ್ಲ.

ಸ್ವತಃ ಕಲಿಯಬೇಕೆನ್ನುವವರಿಗೆ ಸಂಜಯನಗರದ ಪಕ್ಕದಲ್ಲಿಯೇ ಅವಕಾಶವಿದೆ. ಅಲ್ಲಿಂದ ಬಳ್ಳಾರಿ ರಸ್ತೆಗೆ ಬಂದರೆ ಹೆಬ್ಬಾಳದ ಹಳೆಯ ಕೃಷಿ ಆವರಣ. 1899 ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆ ಜಮೀನಿನಲ್ಲಿ ಆರಂಭವಾದ ಕೃಷಿ ಸಂಶೋಧನೆಯೇ ಮುಂದೆ ಕಾಲೇಜಾಗಿ, 1964 ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಆ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ವಿಭಾಗ ಹೆಬ್ಬಾಳದ ಆವರಣದಲ್ಲಿದ್ದು, ಬೇಕರಿ ತಿನಿಸುಗಳ ತಯಾರಿಕೆಯಲ್ಲಿ ಅಲ್ಪಾವಧಿಯ ತರಬೇತಿ ಕೊಡುತ್ತ ಬಂದಿದೆ. ಮಕ್ಕಳ ಮನೆಗೆಂದು ಬೆಂಗಳೂರಿಗೆ ಹೋಗುವ ಗೃಹಿಣಿಯರು ಹೋಗುವ ಮುಂಚೆಯೇ ತರಬೇತಿಯ ದಿನ, ಶುಲ್ಕ ವಿಚಾರಿಸಿಕೊಂಡರೆ ಒಂದು ಪ್ರಯಾಣದಲ್ಲಿ ಎರಡು ಕೆಲಸ ಆಗುತ್ತದೆ. ಗಂಡಸರೂ ಹೋಗಬಹುದು, ಹೋಗಬೇಕು. ಬೇಕರಿಗಳಲ್ಲಿ ಒಲೆಯ ಮುಂದೆ ನಿಂತಿರುವವರೆಲ್ಲ ಗಂಡಸರೇ ಅಲ್ಲವೇ?

ಮಹಿಳಾ ಸಂಘದವರು ಇದನ್ನು ಮಾರಾಟಕ್ಕೆ ಮಾಡಬಹುದೇ ಎಂಬ ಪ್ರಶ್ನೆ ಬರುತ್ತದೆ. ಹಣ್ಣು ಸೇರಿದ ಗರಿ ಮಾರಾಟಕ್ಕೆ ಹೊಂದುವುದಿಲ್ಲ. ಮಾಡಿದ ದಿನವೇ ತಿನ್ನಬೇಕು, ಶೀತಕದಲ್ಲಿಟ್ಟರೂ ಎರಡು ದಿನ. ಮಾರತಕ್ಕದ್ದು ಒಣ ಹೊದಿಕೆ. ಹಣ್ಣಿಲ್ಲದೆ ಅದನ್ನು ಮಾತ್ರ ತಟ್ಟೆಯಲ್ಲಿ ತೆಳುವಾಗಿ ಹರಡಿ 150 ಡಿಗ್ರಿಯಲ್ಲಿ ನಡುನಡುವೆ ಕೆದಕುತ್ತ ಪೂರಾ ಒಣಗುವಂತೆ ಬೇಯಿಸಿ, ತಣಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿದರೆ ಎರಡು ಮೂರು ವಾರ ಕೆಡುವುದಿಲ್ಲ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ಎಣ್ಣೆಯಂಶದ ಬೀಜಗಳಿರುವುದರಿಂದ ಬಿಸಿಲು ಬೀಳುವಲ್ಲಿ ಇಟ್ಟರೆ ಮುಗ್ಗು ವಾಸನೆ ಬರುತ್ತದೆ. ಮಾರುವುದಾದರೆ 2006 ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ನೋಂದಣಿ ಕಡ್ಡಾಯ. ಪೊಟ್ಟಣದ ಮೇಲೆ ಒಳಗಿರುವ ಪದಾರ್ಥ, ತಯಾರಿಸಿದ ದಿನಾಂಕ, ಗೇರುಬೀಜ ಅಥವಾ ಕಡಲೆಕಾಯಿ ಇರುವ ವಿಷಯ ಇವೆಲ್ಲ ಸ್ಪಷ್ಟವಾಗಿ ಇರಬೇಕು. ಬೀಜಗಳು ಒಗ್ಗದ ಜನರಿದ್ದಾರೆ, ಅವರಿಗೆ ಒಂದು ತುಂಡೂ ಪ್ರಾಣಕ್ಕೆ ಬರಬಹುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಜಾಣತನ. ಗಾಳಿಯಲ್ಲಿಯೇ ನೀರಿರುವಾಗ ಗರಿ ಉಳಿಯುವುದಿಲ್ಲ.

ಮನೆಯಲ್ಲಿ ಮಾಡಿದ್ದು ಮಿಕ್ಕರೆ ಮರುದಿನ ಹೊದಿಕೆ ಮೆತ್ತಗಾಗಿರುತ್ತದೆ. ಬಿಸಿ ಕಾವಲಿಯ ಮೇಲೆ ಪಾತ್ರೆಯಿಟ್ಟು, ಮುಚ್ಚಳ ಮುಚ್ಚದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ ಹಣ್ಣು ಬೆಚ್ಚಗಾಗುತ್ತದೆ, ಆದರೆ ಗರಿ ಪೂರಾ ಮರಳುವುದಿಲ್ಲ. ಒಂದು ಹಿಡಿ ಒಣ ಹೊದಿಕೆಯನ್ನು ಬೇರೆ ತೆಗೆದಿಟ್ಟಿದ್ದರೆ ಆಗ ಮೇಲೆ ಉದುರಿಸಬಹುದು. ಜೊತೆಗೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು ಹಾಕಿಕೊಂಡರೆ ಬೆಳಗಿನ ತಿಂಡಿಗೇ ಸಾಕಾಗುತ್ತದೆ.